ಬಲಗಾಲಿಗೆ ಕರೆಂಟ್ ಕೊಟ್ಟರೆ ತಲೆಯ ಬಲಗಡೆಯೇ ಅಲೆ ಬಂದಿದೆ, ಮಿದುಳಿನಲ್ಲಿ ಗಡ್ಡೆ ಇರಬಹುದೇ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಪಾಂಡವಪುರ ತಾಲ್ಲೂಕಿನಲ್ಲಿ ಭತ್ತ, ಕಬ್ಬು ಬೆಳೆಯುತ್ತಾರೆ. ಸಕ್ಕರೆ ಕಾಯಿಲೆಗೆ ಹತ್ತು ವರ್ಷಗಳಿಂದ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮಾಂಸ, ಮೊಟ್ಟೆ ತಿನ್ನುವವರಲ್ಲ, ಹಾಲೂ ಅಷ್ಟಕ್ಕಷ್ಟೇ. ಒಂದು ವರ್ಷದಿಂದ ಎರಡೂ ಪಾದಗಳು ಜೋಮು ಹಿಡಿದಂತಿವೆ ಎನ್ನುತ್ತಾರೆ. ನಡೆಯುವಾಗ ಚಪ್ಪಲಿ ಕಳಚಿಹೋದರೂ ಗೊತ್ತಾಗುವುದಿಲ್ಲ. ಹಗಲಿನಲ್ಲಿ ಪರವಾಗಿಲ್ಲ, ರಾತ್ರಿ ನೀರು ಕಟ್ಟಲು ಗದ್ದೆಯ ಬದುವಿನ ಮೇಲೆ ಹೋದರೆ ತೂರಾಡುತ್ತಾರೆ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಗೋಡೆ ಹಿಡಿಯಬೇಕು. ಮೈಸೂರಿನಲ್ಲಿ ಕಾಲಿನ ನರಕ್ಕೆ ಕರೆಂಟ್ ಕೊಟ್ಟು ತಲೆಯಲ್ಲಿ ಅಲೆ ನೋಡುವ ಪರೀಕ್ಷೆ ಮಾಡಿಸಿದೆವು. ಮಂಡಿಯ ಹಿಂದಿನ ಅಲೆ ಸರಿಯಿದೆ, ಸೊಂಟದಲ್ಲಿ 22, ತಲೆಯಲ್ಲಿ ಬಲಗಾಲಿಗೆ 46, ಎಡಗಾಲಿಗೆ 45 ಮಿಲಿಸೆಕೆಂಡ್ ಎಂದು ಬರೆದಿದ್ದಾರೆ. ಬಲಗಾಲಿಗೆ ಕೊಟ್ಟಾಗ ಅಲೆ ತಲೆಯ ಬಲಭಾಗದಲ್ಲೇ ದೊಡ್ಡದಾಗಿದೆ ಎಂದೂ ಇದೆ. ಬಲಗಾಲಿಗೆ ಎಡ ಮಿದುಳು ಎಂದು ನಾನು ಶಾಲೆಯಲ್ಲಿ ಓದಿದ್ದೇನೆ. ಪರಿಚಯದವರೊಬ್ಬರು ಹೀಗೆ ಅದಲುಬದಲಾದರೆ ಮಿದುಳಿನಲ್ಲಿ ಗಡ್ಡೆ ಇರುತ್ತದೆ ಎಂದು ಹೆದರಿಸಿದ್ದಾರೆ. ಇನ್ನೊಂದು ಕಡೆ, ಎಂಟು ಸಾವಿರ ಕೊಟ್ಟರೆ ಬ್ರೈನ್ ಮ್ಯಾಪಿಂಗ್ ಮಾಡಿ ದೋಷ ಮಿದುಳಿನ ಯಾವ ಜಾಗದಲ್ಲಿದೆ ಎಂದು ಬಣ್ಣದ ಚಿತ್ರದಲ್ಲಿ ತೋರಿಸುತ್ತೇವೆ ಎನ್ನುತ್ತಾರೆ. ಮಾಡಿಸಬೇಕೇ? ತಂದೆಯವರ ಎತ್ತರ ಐದು ಅಡಿ ಆರು ಅಂಗುಲ. ಕೈಗಳಿಗೆ ಪರೀಕ್ಷೆ ಮಾಡಿಲ್ಲ.

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವ ಸಂಗತಿಯಿಂದಲೇ ಶುರು ಮಾಡುತ್ತೇನೆ. ಬಲಗಾಲಿಗೆ ಪ್ರಚೋದನೆ ಕೊಟ್ಟಾಗ ಅಲೆ ತಲೆಯ ಬಲಮಗ್ಗುಲಲ್ಲಿ ದೊಡ್ಡದಾಗಿ ಕಾಣಿಸಿಕೊಳ್ಳುವುದು ಸಹಜ. ಅದು ಗಡ್ಡೆಯ ಗುರುತಲ್ಲ. ತಂತಿ ಅದಲುಬದಲಾಗಿದೆ ಎಂದು ತಂತ್ರಜ್ಞರನ್ನು ದೂರಬೇಕಾಗಿಯೂ ಇಲ್ಲ. ಆರೋಗ್ಯವಾಗಿರುವ ಬಹಳಷ್ಟು ಜನರಲ್ಲಿ ಹೀಗೆಯೇ ಬರುತ್ತದೆ, ಏಕೆ ಎಂದು ಕೆಳಗೆ ಹೇಳುತ್ತೇನೆ. ಆ ವರದಿಯಲ್ಲಿ ತಲೆಕೆಡಿಸಿಕೊಳ್ಳಬೇಕಾದದ್ದು 46 ಮತ್ತು 45 ಎಂಬ ಸಂಖ್ಯೆಗಳ ಬಗ್ಗೆ. ಎಡಬಲದ ಗದ್ದಲದಲ್ಲಿ ಅವೆರಡು ಮೂಲೆಗೆ ಬಿದ್ದಿವೆ.

ಬ್ರೈನ್ ಮ್ಯಾಪಿಂಗ್ ಬೇಡ. ಅದರ ಕಾರಣವನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಅಲೆ ಹುಟ್ಟುವ ಜಾಗ ಬೇರೆ, ಅದನ್ನು ತಡಮಾಡಿದ ಜಾಗ ಬೇರೆ. ಬಣ್ಣದ ಚಿತ್ರ ಬಹಳವೆಂದರೆ ಮೊದಲನೆಯದನ್ನು ತೋರಿಸೀತು. ನಿಮಗೆ ಬೇಕಾಗಿರುವುದು ಎರಡನೆಯದು.

ಪರೀಕ್ಷೆಯಲ್ಲಿ ನಡೆದದ್ದೇನು?

ಪಾದದ ಒಳಮಗ್ಗುಲಲ್ಲಿ ಉಬ್ಬಿ ಕಾಣುವ ಹರಡಿನ ಮೂಳೆಯ ಹಿಂದೆ ಟಿಬಿಯಲ್ ನರ ಹಾದುಹೋಗುತ್ತದೆ. ಅಲ್ಲಿ ಎರಡು ಲೋಹದ ಬಿಲ್ಲೆಗಳನ್ನಿಟ್ಟು, ಒಂದು ಸೆಕೆಂಡಿನ ಐದು ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಮಾತ್ರ ಕರೆಂಟ್ ಹರಿಸುತ್ತಾರೆ. ಹೆಬ್ಬೆರಳು ಸಣ್ಣಗೆ ಮಡಚಿಕೊಳ್ಳುವವರೆಗೆ ಅದರ ಪ್ರಮಾಣವನ್ನು ಏರಿಸುತ್ತಾ ಹೋಗುತ್ತಾರೆ. ನಿಮ್ಮ ತಂದೆಯವರ ಹೆಬ್ಬೆರಳು ಸೆಕೆಂಡಿಗೆ ನಾಲ್ಕೈದು ಸಲದಂತೆ ಬಹಳ ಹೊತ್ತು ಕುಣಿದದ್ದನ್ನು ನೀವು ನೋಡಿರುತ್ತೀರಿ. ಆ ಕುಣಿತ ಇದ್ದರೆ ನರಕ್ಕೆ ಸಾಕಷ್ಟು ಪ್ರಚೋದನೆ ಸಿಕ್ಕಿದೆ ಎಂದು ಗೊತ್ತಾಗುತ್ತದೆ. ಇದರಿಂದ ನರ ಸುಡುವುದಿಲ್ಲ, ಮಿದುಳಿಗೆ ಶಾಕ್ ಹೊಡೆಯುವುದೂ ಇಲ್ಲ. ತಲೆಯ ಮೇಲಿನ ತಂತಿಗಳು ಕರೆಂಟ್ ಕೊಡುವುದಿಲ್ಲ, ಅಲ್ಲಿರುವುದನ್ನು ಅಳೆಯುತ್ತವೆ ಅಷ್ಟೆ. ಪೇಸ್‌ಮೇಕರ್ ಇದ್ದವರು ಮಾತ್ರ ಮೊದಲೇ ಹೇಳಬೇಕು.

ಕಷ್ಟವಿರುವುದು ಅಳೆಯುವುದರಲ್ಲಿ. ಕಾಲಿನಿಂದ ಬಂದ ಸುದ್ದಿಗೆ ಮಿದುಳು ಕೊಡುವ ಉತ್ತರ ನೆತ್ತಿಯ ಮೇಲೆ ಒಂದೆರಡು ಮೈಕ್ರೋವೋಲ್ಟ್ ಮಾತ್ರ. ಅದೇ ಜಾಗದಲ್ಲಿ ಮಿದುಳಿನ ದೈನಂದಿನ ಇಇಜಿ ಅಲೆಗಳು ಅದರ ಹತ್ತಿಪ್ಪತ್ತು ಪಟ್ಟು ದೊಡ್ಡದಾಗಿ ಏಳುತ್ತಿರುತ್ತವೆ. 1947ರಲ್ಲಿ ಲಂಡನ್ನಿನ ವಿಜ್ಞಾನಿ ಜಾರ್ಜ್ ಡಾಸನ್ ಇಂಥ ಉತ್ತರವನ್ನು ಮನುಷ್ಯನ ತಲೆಯ ಮೇಲಿಂದ ಮೊದಲು ದಾಖಲಿಸಿದ್ದು ಮೈ ಜಗ್ಗುವ ಮಯೋಕ್ಲೋನಸ್ ಕಾಯಿಲೆಯ ರೋಗಿಯೊಬ್ಬರಲ್ಲಿ. ಆ ಕಾಯಿಲೆಯಲ್ಲಿ ಅಲೆಗಳು ವಿಪರೀತ ದೊಡ್ಡವು, ಹಾಗಾಗಿ ಕಣ್ಣಿಗೆ ಬಿದ್ದವು. ಉಳಿದವರ ಸಣ್ಣ ಅಲೆಗಳನ್ನು ಹಿಡಿಯಲು ಅವರೇ ಮುಂದೆ 1950ರ ದಶಕದಲ್ಲಿ ಸರಾಸರಿ ತೆಗೆಯುವ ಯಂತ್ರ ಕಟ್ಟಿದರು. ಇಂದಿಗೂ ಉಪಾಯ ಅದೇ: ಸಾವಿರ ಸಲ ಪ್ರಚೋದಿಸಿ, ಪ್ರತಿ ಸಲದ ದಾಖಲೆಯನ್ನೂ ಒಂದರ ಮೇಲೊಂದು ಕೂಡಿಸಿ ಭಾಗಿಸುವುದು. ಪ್ರಚೋದನೆಗೆ ಕಟ್ಟುಬಿದ್ದ ಅಲೆ ಉಳಿಯುತ್ತದೆ. ಮನಬಂದಂತೆ ಏಳುವ ಬೇಡದ ಅಲೆಗಳ ಸದ್ದು ಸಾವಿರದ ವರ್ಗಮೂಲದಷ್ಟು, ಸುಮಾರು 32 ಪಟ್ಟು ತಗ್ಗುತ್ತದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಲಗಿದ ಕೂಸಿನ ಕಿವಿಗೆ ಟಿಕ್ ಟಿಕ್ ಸದ್ದು ಕೇಳಿಸಿ ತಲೆಯಿಂದ ಅಲೆ ದಾಖಲಿಸುವುದನ್ನು ನೋಡಿದ ಮೈಸೂರಿಗರಿಗೆ ಇದು ತೀರಾ ಹೊಸದಲ್ಲ. ಅಲ್ಲಿ ಕಿವಿ, ಇಲ್ಲಿ ಕಾಲು.

ಸೆಕೆಂಡಿಗೆ ಸರಿಯಾಗಿ ಐದು ಸಲ ಕೊಡದೆ 4.7 ಅಥವಾ 5.1 ಎಂಬಂಥ ವಿಚಿತ್ರ ಸಂಖ್ಯೆ ಇಡುವುದಕ್ಕೂ ಕಾರಣವಿದೆ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ತುಯ್ಯುತ್ತದೆ. ಐವತ್ತನ್ನು ಐದು ನಿಶ್ಶೇಷವಾಗಿ ಭಾಗಿಸುವುದರಿಂದ ಫ್ಯಾನು, ಲಿಫ್ಟುಗಳ ಗಲಭೆಯೂ ಪ್ರತಿ ಪ್ರಚೋದನೆಯ ಜೊತೆ ಒಂದೇ ತಾಳದಲ್ಲಿ ಬಿದ್ದು, ಸರಾಸರಿಯಲ್ಲಿ ತಾನೂ ಒಂದು ಅಲೆಯೆಂದು ಕೂತುಬಿಡುತ್ತದೆ. ನಮ್ಮ ಕಡೆಯ ಇನ್ನೊಂದು ತೊಂದರೆ ಕೊಬ್ಬರಿ ಎಣ್ಣೆ. ಎಣ್ಣೆ ಹಚ್ಚಿದ ತಲೆಯ ಮೇಲೆ ಎಲೆಕ್ಟ್ರೋಡ್ ಸರಿಯಾಗಿ ಕೂರುವುದಿಲ್ಲ, ಅಲೆ ಹದಗೆಡುತ್ತದೆ. ಮತ್ತೆ ಪರೀಕ್ಷೆ ಮಾಡಿಸುವುದಾದರೆ ಹಿಂದಿನ ದಿನ ತಂದೆಯವರಿಗೆ ಸೀಗೆಕಾಯಿಯೋ ಶಾಂಪೂವೋ ಹಾಕಿ ತಲೆ ತೊಳೆದುಕೊಳ್ಳಲು ಹೇಳಿ.

ಬಲಗಾಲಿನ ಅಲೆ ಬಲಕ್ಕೇ ಏಕೆ?

ಶಾಲೆಯಲ್ಲಿ ಓದಿದ್ದು ತಪ್ಪಲ್ಲ. ಬಲಪಾದದ ಸ್ಪರ್ಶದ ಸುದ್ದಿ ಕಾಲಿನ ನರದಲ್ಲಿ ಏರಿ, ಸೊಂಟದ ಹತ್ತಿರ ನರಮೂಲಗಳ ಮೂಲಕ ಬೆನ್ನುಹುರಿಯನ್ನು ಸೇರಿ, ಅದರ ಹಿಂಭಾಗದ ಎಳೆಗಳಲ್ಲಿ ಅದೇ ಮಗ್ಗುಲಲ್ಲೇ ಕತ್ತಿನವರೆಗೂ ಹೋಗುತ್ತದೆ. ಮಿದುಳಿನ ಬುಡದಲ್ಲಿರುವ ಮೆಡುಲ್ಲಾದಲ್ಲಿ ನರತಂತು ಬದಲಾಗಿ ಎಡಕ್ಕೆ ದಾಟುತ್ತದೆ. ಮಿದುಳಿನ ನಡುವೆ ಆಳದಲ್ಲಿರುವ ಥಲಾಮಸ್ ಮುಟ್ಟಿ, ಅಲ್ಲಿಂದ ಎಡ ಮಿದುಳಿನ ಹೊರಪದರಕ್ಕೆ. ಬಲಗಾಲಿನ ಅಲೆ ಹುಟ್ಟುವುದು ಎಡ ಮಿದುಳಿನಲ್ಲಿಯೇ.

ಆದರೆ ಎಡ ಮಿದುಳಿನ ಯಾವ ಭಾಗ? ಕೆನಡಾದ ಮಾಂಟ್ರಿಯಲ್‌ನಲ್ಲಿ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಾಗಿದ್ದ ರೋಗಿಗಳ ಮಿದುಳಿನ ಮೇಲ್ಮೈಯನ್ನು ಸೂಕ್ಷ್ಮ ವಿದ್ಯುತ್ತಿನಿಂದ ಮುಟ್ಟಿ ದೇಹದ ಯಾವ ಅಂಗ ಎಲ್ಲಿದೆ ಎಂದು ಗುರುತಿಸುತ್ತಾ ಹೋದರು. 1937ರಲ್ಲಿ ಆ ನಕ್ಷೆ ಪ್ರಕಟವಾಯಿತು. ಮುಖ ಮತ್ತು ಕೈ ಮಿದುಳಿನ ಹೊರಮಗ್ಗುಲಲ್ಲಿ, ತಲೆಬುರುಡೆಯ ಕಡೆಗಿವೆ. ಪಾದ ಮಾತ್ರ ನೆತ್ತಿಯನ್ನು ದಾಟಿ ಒಳಕ್ಕೆ ಇಳಿದು, ಎಡ ಮತ್ತು ಬಲ ಅರ್ಧಗೋಳಗಳ ನಡುವಿನ ಸೀಳಿನ ಗೋಡೆಯಲ್ಲಿದೆ. ಎಡ ಮಿದುಳಿನ ಈ ಒಳಗೋಡೆ ಮುಖ ಮಾಡಿರುವುದು ಬಲಕ್ಕೆ.

ನರಕೋಶಗಳು ಹೊರಪದರದ ಮೇಲ್ಮೈಗೆ ಲಂಬವಾಗಿ ನಿಂತಿರುವುದರಿಂದ ಅವು ಎಬ್ಬಿಸುವ ವಿದ್ಯುತ್ ಕ್ಷೇತ್ರವೂ ಗೋಡೆಯ ದಿಕ್ಕನ್ನೇ ಅನುಸರಿಸುತ್ತದೆ. ಪಾದದ ಪ್ರದೇಶದ ಧನಧ್ರುವ ಅಡ್ಡಡ್ಡವಾಗಿ, ಸೀಳಿನಾಚೆ ಬಲಕ್ಕೆ ತಿರುಗಿರುತ್ತದೆ, ಋಣಧ್ರುವ ಎಡಕ್ಕೆ. ಮಾರಿಹಬ್ಬದಲ್ಲಿ ಬೀದಿಯ ಎಡಗಡೆಯ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದ ಬಾಯಿ ಎದುರುಸಾಲಿನ ಮನೆಗಳತ್ತ ಇದ್ದರೆ ಕಿವಿ ಗಡಚಿಕ್ಕುವುದು ಬಲಸಾಲಿನವರಿಗೆ, ಕಂಬದ ಬೆನ್ನಿಗಿರುವ ಮನೆಯವರಿಗಲ್ಲ. ಹಾಗೆಂದು ಕಂಬ ಬಲಗಡೆ ಇದೆ ಎಂದು ಯಾರೂ ಹೇಳುವುದಿಲ್ಲ. ನಿಮ್ಮ ತಂದೆಯವರ ತಲೆಯ ಬಲಮಗ್ಗುಲಲ್ಲಿ ದೊಡ್ಡದಾಗಿ ಬಂದ ಅಲೆಯೂ ಅಂಥದ್ದೇ. 1982ರಲ್ಲೇ ಅಮೆರಿಕದ ವೈದ್ಯರು ಇದನ್ನು ವಿವರಿಸಿ, ವಿರೋಧಾಭಾಸದ ಪಾರ್ಶ್ವತೆ ಎಂಬರ್ಥದ ಹೆಸರನ್ನೂ ಇಟ್ಟಿದ್ದಾರೆ.

ಎಲ್ಲರಲ್ಲೂ ಹೀಗೆಯೇ ಬರುವುದೂ ಇಲ್ಲ. ಕೆಲವರಲ್ಲಿ ಪಾದದ ಪ್ರದೇಶ ಗೋಡೆಯ ಮೇಲಂಚಿಗೆ, ನೆತ್ತಿಯ ಹತ್ತಿರಕ್ಕೆ ಬಂದಿರುತ್ತದೆ; ಆಗ ಅಲೆ ನಡುನೆತ್ತಿಯಲ್ಲೇ ದೊಡ್ಡದು. ಒಬ್ಬರ ಎಡ ಮತ್ತು ಬಲಗಾಲುಗಳ ನಡುವೆಯೂ ಇಂಥ ವ್ಯತ್ಯಾಸ ಇರಬಹುದು. ಇದರಲ್ಲಿ ರೋಗವೇನೂ ಇಲ್ಲ. ಅಪಾಯವಿರುವುದು ಪರೀಕ್ಷೆ ಮಾಡುವವರು ಶಾಲೆಯ ಪಾಠವನ್ನು ನಂಬಿ, ಎದುರು ಮಗ್ಗುಲಲ್ಲಿ ಮಾತ್ರ ಎಲೆಕ್ಟ್ರೋಡ್ ಇಟ್ಟಾಗ. ಆಗ ಚೆನ್ನಾಗಿರುವ ಅಲೆಯೂ ಸಿಗದೆ ‘ಪ್ರತಿಕ್ರಿಯೆ ಇಲ್ಲ’ ಎಂದು ವರದಿ ಬರುತ್ತದೆ. ಅಂಥ ವರದಿ ಹಿಡಿದುಕೊಂಡು ಬಂದವರನ್ನು ನಡುನೆತ್ತಿ ಮತ್ತು ಎರಡೂ ಮಗ್ಗುಲುಗಳಲ್ಲಿ ಎಲೆಕ್ಟ್ರೋಡ್ ಇಟ್ಟು ಮತ್ತೆ ನೋಡಿದರೆ ಅಲೆ ಇದ್ದಲ್ಲೇ ಇರುತ್ತದೆ. ನಿಮ್ಮ ವರದಿಯಲ್ಲಿ ಬಲಕ್ಕೆ ಹೆಚ್ಚು ಎಂದು ಬರೆದಿದ್ದಾರೆ ಎಂದರೆ ಎರಡೂ ಕಡೆ ಅಳೆದಿದ್ದಾರೆ ಎಂದಾಯಿತು. ಅಷ್ಟರಮಟ್ಟಿಗೆ ಕೆಲಸ ಸರಿಯಾಗಿದೆ.

ಇನ್ನು ಗಡ್ಡೆಯ ಮಾತು. ಅದರಲ್ಲಿ ಒಂದು ಎಳೆ ಸತ್ಯವಿದೆ, ಅದನ್ನೂ ಹೇಳಿಬಿಡುತ್ತೇನೆ. ಎರಡು ಅರ್ಧಗೋಳಗಳ ನಡುವೆ ಇಳಿಬಿದ್ದಿರುವ ಪೊರೆಯಿಂದ ಮೆನಿಂಜಿಯೋಮಾ ಎಂಬ, ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲದ ಗಡ್ಡೆ ಬೆಳೆದರೆ ಎರಡೂ ಪಾದಗಳ ಪ್ರದೇಶವನ್ನು ಒತ್ತಬಹುದು. ಆದರೆ ಅದರಲ್ಲಿ ಕಾಲಿನ ಬಲ ಕುಂದುವುದು, ಬಿಗಿತ, ಪಾದದಿಂದ ಶುರುವಾಗುವ ಸೆಳೆತ, ತಲೆನೋವು ಮುಂದಾಗಿ ಬರುತ್ತವೆ. ಅದನ್ನು ಕಂಡುಹಿಡಿಯುವುದು ಎಂಆರ್‌ಐ. ಅಲೆ ಯಾವ ಮಗ್ಗುಲಿಗೆ ದೊಡ್ಡದು ಎಂಬುದರಿಂದ ಯಾರೂ ಅದನ್ನು ಪತ್ತೆ ಮಾಡುವುದಿಲ್ಲ.

ಬಣ್ಣದ ಚಿತ್ರ ಎಷ್ಟು ನಿಜ?

ತಲೆಯ ಮೇಲಿನ ವೋಲ್ಟೇಜಿನಿಂದ ಒಳಗಿನ ಮೂಲವನ್ನು ಲೆಕ್ಕಹಾಕುವುದು ಒಂದು ಗಂಭೀರ ವಿಜ್ಞಾನ. ಅದನ್ನು ಹಳಿಯುತ್ತಿಲ್ಲ. ಆದರೆ ಅದರ ಬುಡದಲ್ಲೇ ಒಂದು ತೊಡಕಿದೆ, ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1853ರಲ್ಲೇ ಅದನ್ನು ತೋರಿಸಿದ್ದಾರೆ. ಒಳಗಿನ ಮೂಲ ಗೊತ್ತಿದ್ದರೆ ಹೊರಗೆ ಎಷ್ಟು ವೋಲ್ಟೇಜ್ ಬರುತ್ತದೆ ಎಂದು ಒಂದೇ ಉತ್ತರ ಸಿಗುತ್ತದೆ. ಹೊರಗಿನದು ಗೊತ್ತಿದ್ದು ಒಳಗಿನದನ್ನು ಕೇಳಿದರೆ ಉತ್ತರಗಳು ಲೆಕ್ಕವಿಲ್ಲದಷ್ಟು. ನೆತ್ತಿಯ ಮೇಲಿನ ಅದೇ ಚಿತ್ರವನ್ನು ಒಳಗಿನ ಒಂದೇ ಆಳವಾದ ಮೂಲವೂ ಕೊಡಬಲ್ಲದು, ಮೇಲುಮೇಲಿನ ಹಲವು ಮೂಲಗಳೂ ಸೇರಿ ಕೊಡಬಲ್ಲವು. ಎಲೆಕ್ಟ್ರೋಡ್‌ಗಳನ್ನು ಹೆಚ್ಚಿಸಿದರೆ ಚಿತ್ರ ನಿಖರವಾಗುತ್ತದೆಯೇ ಹೊರತು ಈ ತೊಡಕು ತೀರುವುದಿಲ್ಲ. ಆದ್ದರಿಂದ ಲೆಕ್ಕಹಾಕುವವರು ಮೊದಲೇ ಕೆಲವನ್ನು ಒಪ್ಪಿಕೊಂಡು ಹೊರಡಬೇಕು: ಮೂಲ ಒಂದೇ ಇದೆ, ಅದು ಹೊರಪದರದಲ್ಲೇ ಇದೆ, ತಲೆಬುರುಡೆ ಇಷ್ಟು ದಪ್ಪ, ಅದರಲ್ಲಿ ವಿದ್ಯುತ್ತು ಇಷ್ಟು ಸುಲಭವಾಗಿ ಹರಿಯುತ್ತದೆ. ಮೂಳೆ ವಿದ್ಯುತ್ತಿಗೆ ಕೆಟ್ಟ ದಾರಿ, ಅದು ಒಳಗಿನ ಚಿತ್ರವನ್ನು ಕದಡಿ ಹರಡಿಬಿಡುತ್ತದೆ. ಆ ಅಂದಾಜಿನಲ್ಲಿ ಎಡವಟ್ಟಾದರೆ ಮೂಲದ ಆಳವೂ ಎಡವಟ್ಟು.

ಕಾಲಿನ ವಿಷಯದಲ್ಲಿ ಈ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. ಎಡಪಾದ ಮತ್ತು ಬಲಪಾದದ ಪ್ರದೇಶಗಳು ಆ ಸೀಳಿನ ಎರಡು ಗೋಡೆಗಳಲ್ಲಿ ಎದುರುಬದುರಾಗಿವೆ, ನಡುವೆ ಒಂದೆರಡು ಸೆಂಟಿಮೀಟರ್ ಅಷ್ಟೇ. ತಲೆಯ ಮೇಲಿನಿಂದ ಮೂಲ ಹುಡುಕುವಾಗ ಒಂದು ಸೆಂಟಿಮೀಟರ್ ಆಚೀಚೆ ಆಗುವುದು ಮಾಮೂಲು. ಆದ್ದರಿಂದ ಯಾವ ಅರ್ಧಗೋಳ ಎಂದು ಜಾಗ ನೋಡಿ ಹೇಳುವುದು ಕಷ್ಟ. ಧನಧ್ರುವ ಯಾವ ಕಡೆ ತಿರುಗಿದೆ ಎಂಬ ದಿಕ್ಕು ನೋಡಿ ತೀರ್ಮಾನಿಸುತ್ತಾರೆ. ಎರಡೂ ಕಾಲಿಗೆ ಒಟ್ಟಿಗೆ ಕರೆಂಟ್ ಕೊಟ್ಟರೆ ಎಡಬಲದ ಅಡ್ಡ ಅಂಶಗಳು ಪರಸ್ಪರ ಅಳಿಸಿಹೋಗಿ ನಡುನೆತ್ತಿಯದು ಉಳಿಯುತ್ತದೆ. ಅಲೆ ಹಿಡಿಯಲು ಇದು ಸುಲಭದ ದಾರಿ, ಒಂದೇ ಕಾಲಿನ ದೋಷವಿದ್ದರೆ ಮಾತ್ರ ಅದು ಮುಚ್ಚಿಹೋಗುತ್ತದೆ. 40 ಮಿಲಿಸೆಕೆಂಡಿನ ಆಸುಪಾಸಿನ ಮೊದಲ ಅಲೆಗೆ ಮೂಲ ಹುಡುಕುವುದು ಇಷ್ಟಾದರೂ ಸಾಧ್ಯ, ಏಕೆಂದರೆ ಆ ಹೊತ್ತಿಗೆ ಮುಖ್ಯವಾಗಿ ಪಾದದ ಪ್ರದೇಶವೊಂದೇ ಎಚ್ಚೆತ್ತಿರುತ್ತದೆ. ಮುಂದಿನ ಅಲೆಗಳಲ್ಲಿ ಹಲವು ಭಾಗಗಳು ಒಟ್ಟಿಗೆ ದನಿಗೂಡಿಸುತ್ತವೆ. ನೂರು ಮಿಲಿಸೆಕೆಂಡಿನ ಹೊತ್ತಿಗೆ ಕಿವಿಯ ಮೇಲ್ಭಾಗದ ಒಳಗಿರುವ ಎರಡನೇ ಸ್ಪರ್ಶಪ್ರದೇಶಗಳು ಎಡಬಲ ಎರಡರಲ್ಲೂ ಎದ್ದಿರುತ್ತವೆ.

ಬಣ್ಣದ ಚಿತ್ರದ ಬಗ್ಗೆ ನನ್ನ ತಕರಾರು ಇನ್ನೂ ಸರಳ. ಹತ್ತಿಪ್ಪತ್ತು ಎಲೆಕ್ಟ್ರೋಡ್‌ಗಳ ಅಳತೆ ತೆಗೆದುಕೊಂಡು ನಡುವಿನ ಜಾಗವನ್ನೆಲ್ಲ ಕಂಪ್ಯೂಟರ್ ತಾನೇ ಲೆಕ್ಕಹಾಕಿ ತುಂಬುತ್ತದೆ. ಅತಿ ಹೆಚ್ಚು ಮೌಲ್ಯ ಎಲ್ಲಿದೆಯೋ ಅಲ್ಲಿಗೆ ಕೆಂಪು ಬಳಿಯುತ್ತದೆ. ಯಾವುದೇ ಅಳತೆಯ ಗುಂಪಿನಲ್ಲಿ ಒಂದು ಅತಿ ಹೆಚ್ಚು ಇದ್ದೇ ಇರುತ್ತದೆ. ನಿಮ್ಮ ತಂದೆಯವರ ತಲೆಯಲ್ಲೂ ಕೆಂಪು ಕಾಣುತ್ತದೆ, ನಿಮ್ಮ ತಲೆಯಲ್ಲೂ ಕಾಣುತ್ತದೆ, ಕರೆಂಟನ್ನೇ ಕೊಡದೆ ಬರೀ ಸದ್ದನ್ನು ಸರಾಸರಿ ತೆಗೆದರೂ ಎಲ್ಲೋ ಒಂದು ಕಡೆ ಕಾಣುತ್ತದೆ. ಕೆಂಪು ಎಂದರೆ ದೋಷವಲ್ಲ. ಅದರ ಮೇಲೆ ಬೆರಳಿಟ್ಟು ‘ಇಲ್ಲಿ ಅಡಚಣೆ’ ಎಂದು ಹೇಳುವವರು ಎಂಟು ಸಾವಿರಕ್ಕೆ ನಿಮಗೆ ಕೊಡುವುದು ಭಯವನ್ನು ಮಾತ್ರ.

ಮೂಲಶೋಧನೆ ನಿಜವಾಗಿ ಬೇಕಾಗುವ ಸಂದರ್ಭಗಳಿವೆ. ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡುವ ಮುನ್ನ, ಅಥವಾ ಗಡ್ಡೆಯೊಂದು ಕಾಲಿನ ಪ್ರದೇಶಕ್ಕೆ ಒತ್ತಿಕೊಂಡಿದ್ದು ಎಷ್ಟು ಕತ್ತರಿಸಬಹುದು ಎಂದು ತಿಳಿಯಬೇಕಾದಾಗ. ಅಲ್ಲಿ ಆ ರೋಗಿಯದೇ ಎಂಆರ್‌ಐಯಿಂದ ತಲೆಯ ಮಾದರಿ ಕಟ್ಟಿ ಲೆಕ್ಕಹಾಕುತ್ತಾರೆ, ಕಾಂತಕ್ಷೇತ್ರ ಅಳೆಯುವ ಎಂಇಜಿ ಯಂತ್ರವನ್ನೂ ಬಳಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಂಥ ಯಂತ್ರವಿದೆ. ಮೂಳೆ ವಿದ್ಯುತ್ತನ್ನು ಕದಡಿದಂತೆ ಕಾಂತಕ್ಷೇತ್ರವನ್ನು ಕದಡುವುದಿಲ್ಲ. ಪಾದದ ಪ್ರದೇಶದ ಅಡ್ಡಮೂಲ ಎಂಇಜಿಗೆ ಚೆನ್ನಾಗಿಯೇ ಕಾಣುತ್ತದೆ. ಇಷ್ಟಾದರೂ ಶಸ್ತ್ರಚಿಕಿತ್ಸೆಯ ವೇಳೆ ಮಿದುಳಿನ ಮೇಲೇ ಎಲೆಕ್ಟ್ರೋಡ್ ಇಟ್ಟು ಖಚಿತಪಡಿಸಿಕೊಳ್ಳುವ ಪದ್ಧತಿ ಹೋಗಿಲ್ಲ. ನಿಮ್ಮ ತಂದೆಯವರು ಆ ಸಾಲಿಗೆ ಸೇರಿದವರಲ್ಲ.

46 ಏನು ಹೇಳುತ್ತದೆ?

ಹರಡಿನಿಂದ ಹೊರಟ ಸುದ್ದಿ ಮಂಡಿಯ ಹಿಂದಿನ ಗುಳಿಗೆ ಸುಮಾರು 8, ಸೊಂಟದ ಬೆನ್ನುಮೂಳೆಗೆ ಸುಮಾರು 22, ಮಿದುಳಿನ ಬುಡಕ್ಕೆ ಸುಮಾರು 31, ಹೊರಪದರಕ್ಕೆ 37ರಿಂದ 40 ಮಿಲಿಸೆಕೆಂಡಿಗೆ ತಲುಪುತ್ತದೆ. ಎತ್ತರದವರಲ್ಲಿ ದಾರಿ ಉದ್ದ, ಸಮಯವೂ ಹೆಚ್ಚು. ವಯಸ್ಸಾದಂತೆಯೂ ಸ್ವಲ್ಪ ಹೆಚ್ಚುತ್ತದೆ. ಐದು ಅಡಿ ಆರು ಅಂಗುಲಕ್ಕೆ 46 ಹೆಚ್ಚೇ.

ಸಕ್ಕರೆ ಕಾಯಿಲೆಯಿಂದ ಕಾಲಿನ ನರ ಕೆಟ್ಟಿದೆ ಎಂದು ಮೊದಲು ಯಾರಿಗಾದರೂ ತೋರುತ್ತದೆ. ಆದರೆ ಆ ನರಗಳೇ ಮುಖ್ಯ ದೋಷಿಗಳಾಗಿದ್ದರೆ ಸೊಂಟಕ್ಕೆ ಬರುವಷ್ಟರಲ್ಲೇ ತಡವಾಗಿರಬೇಕಿತ್ತು. ಹಾಗಾಗಿಲ್ಲ, 22ಕ್ಕೆ ಸರಿಯಾಗಿ ಬಂದಿದೆ. ಸೊಂಟದಿಂದ ತಲೆಗೆ 23, 24 ಮಿಲಿಸೆಕೆಂಡ್ ಹಿಡಿದಿದೆ. ಇದು ಸಾಮಾನ್ಯವಾಗಿ 15ರಿಂದ 20ರೊಳಗೆ ಇರಬೇಕು. ಪ್ರತಿ ಪ್ರಯೋಗಾಲಯವೂ ತನ್ನದೇ ಮಿತಿ ಇಟ್ಟುಕೊಂಡಿರುತ್ತದೆ, ಅದನ್ನು ಕೇಳಿ ತಿಳಿಯಿರಿ. ಸುದ್ದಿ ನಿಧಾನವಾಗಿರುವುದು ಸೊಂಟದ ಮೇಲಿನ ದಾರಿಯಲ್ಲಿ. ಎರಡೂ ಕಾಲುಗಳಲ್ಲಿ ಸರಿಸುಮಾರು ಸಮನಾಗಿ ತಡವಾಗಿದೆ. ಕತ್ತಲಲ್ಲಿ ತೂರಾಟ, ಕಣ್ಣು ಮುಚ್ಚಿದರೆ ಗೋಡೆ ಹಿಡಿಯುವುದು, ಚಪ್ಪಲಿ ಕಳಚಿದ್ದು ಗೊತ್ತಾಗದಿರುವುದು, ಇವೆಲ್ಲ ಕೀಲುಗಳು ಎಲ್ಲಿವೆ ಎಂಬ ಅರಿವನ್ನು ಒಯ್ಯುವ ಬೆನ್ನುಹುರಿಯ ಹಿಂಭಾಗದ ಎಳೆಗಳ ಕಡೆಗೇ ಬೆರಳು ತೋರಿಸುತ್ತವೆ. ಹಗಲಿನಲ್ಲಿ ಕಣ್ಣು ಆ ಕೊರತೆಯನ್ನು ತುಂಬಿಕೊಡುತ್ತದೆ, ಅದಕ್ಕೇ ಅವರು ಹಗಲು ಸರಿಯಾಗಿದ್ದಾರೆ.

ನೀವು ಬರೆದಿರುವುದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮೆಟ್‌ಫಾರ್ಮಿನ್ ಮತ್ತು ಊಟ. ಮೆಟ್‌ಫಾರ್ಮಿನ್ ದೀರ್ಘಕಾಲ ತೆಗೆದುಕೊಂಡರೆ ಬಿ12 ಜೀವಸತ್ವ ದೇಹಕ್ಕೆ ಸರಿಯಾಗಿ ದಕ್ಕುವುದಿಲ್ಲ. ಸೊಪ್ಪು, ಕಾಳು, ರಾಗಿಯಲ್ಲಿ ಬಿ12 ಇಲ್ಲ. ಸಸ್ಯಾಹಾರಿಗಳಿಗೆ ಅದು ಸಿಗುವುದು ಹಾಲು ಮೊಸರಿನಿಂದ, ಅದೂ ಇವರಲ್ಲಿ ಕಡಿಮೆ. ಬಿ12 ಕೊರತೆ ಕೆಡಿಸುವುದು ಬೆನ್ನುಹುರಿಯ ಇದೇ ಎಳೆಗಳನ್ನು, ಮತ್ತು ಕಾಲುಗಳಿಂದಲೇ ಶುರು ಮಾಡಿ. ಇದೇ ಎಂದು ಇಲ್ಲಿ ಕುಳಿತು ಹೇಳಲಾರೆ. ಕತ್ತಿನ ಮೂಳೆ ಸವೆದು ಬೆನ್ನುಹುರಿಯನ್ನು ಒತ್ತುವುದು ಈ ವಯಸ್ಸಿನಲ್ಲಿ ಸಾಮಾನ್ಯ. ತಲೆಯ ಮೇಲೆ ಹೊರೆ ಹೊತ್ತವರಲ್ಲಿ ಕತ್ತನ್ನು ನೋಡದೆ ನಾನು ಬಿಡುವುದಿಲ್ಲ. ಬೆನ್ನುಮೂಳೆಯ ಕ್ಷಯ, ತಾಮ್ರದ ಅಂಶದ ಕೊರತೆ, ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿಯ ನೀರು ವರ್ಷಗಟ್ಟಲೆ ಕುಡಿದು ಮೂಳೆ ದಪ್ಪಗಾಗುವುದು, ಇವೂ ಪಟ್ಟಿಯಲ್ಲಿವೆ.

ಈಗ ಏನು ಮಾಡಬಹುದು?

ಮೊದಲು ರಕ್ತಪರೀಕ್ಷೆ: ಬಿ12, ರಕ್ತಕಣಗಳ ಎಣಿಕೆ, ಥೈರಾಯ್ಡ್, ಮೂರು ತಿಂಗಳ ಸಕ್ಕರೆಯ ಸರಾಸರಿ. ಬಿ12 ಗಡಿರೇಖೆಯಲ್ಲಿ ಬಂದರೆ ಆ ಕೊರತೆಯಲ್ಲಿ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಅಥವಾ ಮೀಥೈಲ್‌ಮಲೋನಿಕ್ ಆಮ್ಲ ನೋಡಿದರೆ ಸಂಶಯ ತೀರುತ್ತದೆ. ರಕ್ತ ಕೊಡುವ ಮುನ್ನ ಔಷಧಿ ಅಂಗಡಿಯಿಂದ ‘ನರದ ಮಾತ್ರೆ’ ತಂದು ನುಂಗಿಸಬೇಡಿ, ಅದರಲ್ಲಿ ಬಹುತೇಕ ಬಿ12 ಇದ್ದೇ ಇರುತ್ತದೆ, ಫಲಿತಾಂಶ ದಾರಿ ತಪ್ಪಿಸುತ್ತದೆ. ರಕ್ತ ಕೊಟ್ಟ ಮೇಲೆ ಕಾಯಬೇಕಾಗಿಲ್ಲ. ಕೊರತೆಯ ಅನುಮಾನ ಬಲವಾಗಿದ್ದರೆ ಅದೇ ದಿನ ಇಂಜೆಕ್ಷನ್ ಶುರು ಮಾಡುವ ವೈದ್ಯರ ಪರವಾಗಿ ನಾನಿದ್ದೇನೆ. ಬಿ12ನಿಂದ ಅಪಾಯ ತೀರಾ ಕಡಿಮೆ, ತಡಮಾಡಿದರೆ ಅಪಾಯ ಹೆಚ್ಚು, ಏಕೆಂದರೆ ತಿಂಗಳುಗಟ್ಟಲೆ ಕೆಟ್ಟಿದ್ದ ಎಳೆಗಳು ಪೂರ್ತಿ ಸರಿಹೋಗದಿರಬಹುದು. ಎಚ್ಚರ ಬೇಕಾಗಿರುವುದು ಫೋಲಿಕ್ ಆಮ್ಲದ ಬಗ್ಗೆ. ಬಿ12 ಇಲ್ಲದೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತಹೀನತೆ ಸುಧಾರಿಸುತ್ತದೆ, ಎಲ್ಲ ಸರಿಯಾಯಿತೆಂಬ ನೆಮ್ಮದಿಯಲ್ಲಿ ನರಗಳು ಕೆಡುತ್ತಾ ಹೋಗುತ್ತವೆ. ಮೆಟ್‌ಫಾರ್ಮಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆ ಏರಿದರೆ ಇನ್ನೊಂದು ತೊಂದರೆ ಕೈಹಿಡಿಯುತ್ತದೆ. ಬಿ12 ಸೇರಿಸಿಕೊಂಡು ಮೆಟ್‌ಫಾರ್ಮಿನ್ ಮುಂದುವರಿಸಬಹುದು.

ಎರಡನೆಯದು ಎಂಆರ್‌ಐ, ಇಲ್ಲಿ ಹಣ ಹಾಳಾಗುವ ಒಂದು ಜಾಗವಿದೆ. ಕಾಲು ಜೋಮು ಎಂದೊಡನೆ ಸೊಂಟದ ಎಂಆರ್‌ಐ ಬರೆದುಕೊಡುವುದು ರೂಢಿ. ಬೆನ್ನುಹುರಿ ಸೊಂಟದ ಕೆಳಭಾಗದವರೆಗೆ ಇಳಿಯುವುದೇ ಇಲ್ಲ, ಮೊದಲ ಅಥವಾ ಎರಡನೇ ಸೊಂಟಮೂಳೆಯ ಮಟ್ಟದಲ್ಲಿ ಮುಗಿಯುತ್ತದೆ. ನಿಮ್ಮ ತಂದೆಯವರ ತಡ ಇರುವುದು ಅದರ ಮೇಲೆ. ಹಾಗಾಗಿ ಕತ್ತು ಮತ್ತು ಎದೆಮಟ್ಟದ ಬೆನ್ನುಹುರಿಯ ಎಂಆರ್‌ಐ ಕೇಳಿ. ಬಿ12 ಕೊರತೆಯಲ್ಲೂ ಕೆಲವರಲ್ಲಿ ಹಿಂಭಾಗದ ಎಳೆಗಳು ಬೆಳ್ಳಗೆ ಕಾಣುತ್ತವೆ, ಒತ್ತಡವಿದ್ದರೆ ಅದಂತೂ ನೇರವಾಗಿ ಕಾಣುತ್ತದೆ. ಇದರಲ್ಲಿರುವ ಅಪಾಯ ಯಂತ್ರದ್ದಲ್ಲ, ವರದಿಯದು. ಅರವತ್ತು ದಾಟಿದ ಯಾರ ಬೆನ್ನಿನ ಚಿತ್ರ ತೆಗೆದರೂ ಒಂದೆರಡು ಡಿಸ್ಕ್ ಉಬ್ಬಿರುತ್ತವೆ. ಬೆನ್ನುಹುರಿಯನ್ನು ನಿಜವಾಗಿ ಒತ್ತುತ್ತಿದೆಯೇ, ತಪಾಸಣೆಗೆ ಅದು ತಾಳೆಯಾಗುತ್ತದೆಯೇ ಎಂದು ನೋಡದೆ ಬರೀ ‘ಡಿಸ್ಕ್ ಉಬ್ಬು’ ಎಂಬುದಕ್ಕೆ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ. ಮೈಯಲ್ಲಿ ಪೇಸ್‌ಮೇಕರ್, ಹಳೆಯ ಲೋಹ ಇದ್ದರೆ ಮೊದಲೇ ಹೇಳಿ.

ಕೈಗಳ ಮಣಿಕಟ್ಟಿನ ನರಕ್ಕೂ ಇದೇ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕೈಯ ಅಲೆ ಕತ್ತಿನಿಂದ ಮೇಲಿನ ದಾರಿಯನ್ನು ಮಾತ್ರ ಬಳಸುತ್ತದೆ. ಕೈಯದು ಸರಿಯಿದ್ದು ಕಾಲಿನದು ಮಾತ್ರ ತಡವಾಗಿದ್ದರೆ ದೋಷ ಬಹುಮಟ್ಟಿಗೆ ಕತ್ತಿನ ಕೆಳಗೆ, ಇಲ್ಲವೇ ಕಾಲಿನ ಉದ್ದನೆಯ ಎಳೆಗಳನ್ನೇ ಆರಿಸಿ ಕೆಡಿಸುವ ಕಾಯಿಲೆ. ಮಿದುಳಿನ ಯಾವ ಬಣ್ಣದ ಚಿತ್ರವೂ ಇಷ್ಟು ಸುಲಭವಾಗಿ ಇದನ್ನು ಹೇಳುವುದಿಲ್ಲ. ಕೈಯ ಅಲೆ ಎದುರು ಮಗ್ಗುಲಲ್ಲೇ ಬರುವುದನ್ನೂ ನೀವು ಕಣ್ಣಾರೆ ನೋಡಬಹುದು, ಕೈಯ ಪ್ರದೇಶ ಹೊರಮಗ್ಗುಲಲ್ಲಿ ಇದೆಯಲ್ಲ. ಮಿದುಳಿನ ಎಂಆರ್‌ಐ ಸದ್ಯಕ್ಕೆ ಬೇಡ. ಬೆನ್ನುಹುರಿಯಲ್ಲಿ ಏನೂ ಸಿಗದೆ ಹೋದರೆ, ಕೈಯ ಅಲೆಯೂ ತಡವಾದರೆ, ಅಥವಾ ತಲೆನೋವು, ಸೆಳೆತ ಕಾಣಿಸಿಕೊಂಡರೆ ಆಗ ನೋಡೋಣ.

ಈ ಪರೀಕ್ಷೆಯ ಮಿತಿಯೊಂದನ್ನು ತಿಳಿದಿರಿ: ಸ್ಪರ್ಶ, ಕಂಪನ, ಕೀಲಿನ ಅರಿವಿನ ದಪ್ಪ ನರಗಳು ಮಾತ್ರ ಇದಕ್ಕೆ ಸಿಗುತ್ತವೆ. ಉರಿ, ನೋವು, ಬಿಸಿತಣ್ಣನೆ ಒಯ್ಯುವ ಸಣ್ಣ ನರಗಳು ಸಿಗುವುದಿಲ್ಲ. ಆದ್ದರಿಂದ ಸಕ್ಕರೆ ಕಾಯಿಲೆ ಪಾದದ ಸಣ್ಣ ನರಗಳನ್ನು ಮುಟ್ಟಿಲ್ಲ ಎಂದು ಈ ವರದಿಯಿಂದ ಹೇಳಲು ಬರುವುದಿಲ್ಲ. ಪ್ರತಿ ಸಂಜೆ ಪಾದದ ಅಡಿ ನೋಡಿ, ಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತಾಗದೆ ಹೋಗಬಹುದು.

ಅಲ್ಲಿಯವರೆಗೆ ರಾತ್ರಿ ನೀರು ಕಟ್ಟುವ ಕೆಲಸ ಬೇರೆ ಯಾರಾದರೂ ಮಾಡಲಿ. ನಾಲೆಯ ಏರಿಯ ಮೇಲೆ ಕತ್ತಲಲ್ಲಿ ಅವರು ಒಬ್ಬರೇ ಹೋಗಕೂಡದು. ಹೋಗಲೇಬೇಕಾದರೆ ಟಾರ್ಚ್, ಹಿಂದೆ ಪಟ್ಟಿ ಇರುವ ಚಪ್ಪಲಿ, ಕೈಯಲ್ಲೊಂದು ಕೋಲು. ಕೋಲು ನೆಲವನ್ನು ಮುಟ್ಟಿದ್ದು ಅಂಗೈಗೆ ತಿಳಿಯುತ್ತದೆ, ಪಾದ ಹೇಳದ್ದನ್ನು ಕೈ ಹೇಳುತ್ತದೆ. ಕಾಲಿನ ಬಲ ದಿನದಿಂದ ದಿನಕ್ಕೆ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ರಕ್ತದ ವರದಿಗೆ ಕಾಯದೆ ಅದೇ ದಿನ ಮಂಡ್ಯದಲ್ಲೋ ಮೈಸೂರಿನಲ್ಲೋ ನರರೋಗ ವಿಭಾಗವಿರುವ ಆಸ್ಪತ್ರೆಗೆ ಕರೆದೊಯ್ಯಿರಿ.

ವೈದ್ಯರ ಬಳಿ ಹೋಗುವಾಗ ವರದಿಯ ಟೈಪ್ ಮಾಡಿದ ಹಾಳೆಯ ಜೊತೆಗೆ ಅಲೆಗಳ ಗೆರೆಚಿತ್ರವಿರುವ ಪುಟಗಳನ್ನೂ ಒಯ್ಯಿರಿ. ಪ್ರತಿ ಕಾಲಿಗೂ ಎರಡು ಗೆರೆಗಳು ಒಂದರ ಮೇಲೊಂದು ಇರಬೇಕು. ಎರಡು ಸಲ ತೆಗೆದು ಹೊಂದಿಕೆಯಾದರೆ ಮಾತ್ರ ಆ 46 ಅನ್ನು ನಂಬಬಹುದು. ಒಂದೇ ಗೆರೆ ಇದ್ದರೆ ಪರೀಕ್ಷೆಯನ್ನು ಮತ್ತೆ ಮಾಡಿಕೊಡಲು ಕೇಳಿ, ಕೈಗಳದ್ದೂ ಅದರ ಜೊತೆಗೇ ಆಗಿಹೋಗಲಿ.